ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ಮನೆಯ ಸೆಂಟ್ರಲ್ ಏಸಿಯ ನಿಗಾ ಮತ್ತು ಸರ್ವಿಸ್

ಇಡೀ ಮನೆಗೆ ಒಂದೇ ಯಂತ್ರದಿಂದ ತಂಪು ಹಾಯಿಸುವ ಸೆಂಟ್ರಲ್ ಏಸಿಯ ಬಗ್ಗೆ ಈ ಬೇಸಿಗೆಯಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರವು. ಅಲ್ಲಿ ಅದು ಸಾಧಾರಣ ಮನೆಗಳಲ್ಲೂ ಇರುವ ಸಲಕರಣೆ. ನಮ್ಮಲ್ಲಿ ಬಿಸಿಲು ಸೀಮೆಯ ಕೆಲವು ದೊಡ್ಡ ಮನೆಗಳಲ್ಲಿ ಮತ್ತು ಕರಾವಳಿಯಲ್ಲಿ ಡಕ್ಟಬಲ್ ಏಸಿ ಎಂಬ ಹೆಸರಿನಿಂದ ಕಾಣಿಸುತ್ತದೆ. ಹೆಸರು ಯಾವುದಾದರೂ ವ್ಯವಸ್ಥೆ ಒಂದೇ. ಹೊರಗೆ ಗ್ಯಾಸನ್ನು ಒತ್ತುವ ಕಂಪ್ರೆಸರ್ ಮತ್ತು ಶಾಖವನ್ನು ಹೊರಬಿಡುವ ಕಂಡೆನ್ಸರ್, ಒಳಗೆ ಶಾಖ ಹೀರುವ ತಣ್ಣನೆಯ ಕಾಯಿಲ್ (ಸುರುಳಿ ಕೊಳವೆ) ಮತ್ತು ಗಾಳಿ ತಳ್ಳುವ ಬ್ಲೋವರ್, ಅಲ್ಲಿಂದ ಕೋಣೆಕೋಣೆಗೂ ಗಾಳಿ ಒಯ್ಯುವ ಡಕ್ಟ್, ಕೋಣೆಗಳ ಗಾಳಿಯನ್ನು ಮರಳಿ ಎಳೆದುಕೊಳ್ಳುವ ರಿಟರ್ನ್ ಗ್ರಿಲ್.

ಪ್ರಶ್ನೆ: ಡಲ್ಲಾಸ್ ಪಕ್ಕದ ಊರಿನಲ್ಲಿ ಎಂಟು ವರ್ಷದ ಹಿಂದೆ ಹೊಸ ಮನೆ ಕೊಂಡೆವು. ಮೂರು ವರ್ಷಗಳಿಂದ ಪ್ರತಿ ಮೇ ತಿಂಗಳಲ್ಲೂ ಮೆಕ್ಯಾನಿಕ್ ಬಂದು, ಗ್ಯಾಸ್ ಕಡಿಮೆಯಾಗಿದೆ ಎಂದು ಹೇಳಿ ತುಂಬಿಸಿ ಹೋಗುತ್ತಾರೆ. ಕಾರಿಗೆ ಪೆಟ್ರೋಲ್ ಹಾಕಿಸಿದ ಹಾಗೆ ಇದೂ ವರ್ಷಕ್ಕೊಮ್ಮೆ ಬರುವ ಖರ್ಚೇ? (ಓದುಗರು, ಟೆಕ್ಸಸ್)

ಉತ್ತರ: ಖಂಡಿತ ಅಲ್ಲ. ಏಸಿಯ ಗ್ಯಾಸ್, ಅಂದರೆ ಶೀತಕ, ಉರಿದು ತೀರುವ ವಸ್ತುವಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳ ಒಳಗೆ ಅದು ಒಂದು ಕಡೆ ಆವಿಯಾಗಿ ಮನೆಯ ಶಾಖವನ್ನು ಹೀರಿಕೊಂಡು, ಇನ್ನೊಂದು ಕಡೆ ಮತ್ತೆ ದ್ರವವಾಗಿ ಆ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಡುತ್ತಾ, ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಯಂತ್ರ ಹದಿನೈದು ವರ್ಷ ಬಾಳಿದರೆ ಮೊದಲ ದಿನ ತುಂಬಿದ ಗ್ಯಾಸೇ ಕೊನೆಯ ದಿನದವರೆಗೂ ಇರಬೇಕು. ಆದ್ದರಿಂದ ನಿಮ್ಮ ಮನೆಯಲ್ಲಿ ಆಗಿರುವುದು ಎರಡರಲ್ಲಿ ಒಂದು: ಎಲ್ಲೋ ನಿಜವಾಗಿ ಸೋರುತ್ತಿದೆ, ಇಲ್ಲವೇ ಗ್ಯಾಸ್ ಸರಿಯಾಗಿಯೇ ಇದ್ದು ಪರೀಕ್ಷೆ ತಪ್ಪಾಗಿದೆ.

ಎರಡನೆಯ ಸಾಧ್ಯತೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದರ ಪರಿಹಾರಕ್ಕೆ ಹಣ ಹೆಚ್ಚು ಬೇಡ. ಕಾಯಿಲ್ ಮೇಲೆ ಹಾಯುವ ಗಾಳಿ ಕಡಿಮೆಯಾದಾಗ ಒಳಗಿನ ಶೀತಕಕ್ಕೆ ಸಾಕಷ್ಟು ಶಾಖ ಸಿಗುವುದಿಲ್ಲ. ಆಗ ಕಂಪ್ರೆಸರಿಗೆ ಮರಳುವ ಕೊಳವೆಯ ಒತ್ತಡ ತಾನಾಗಿ ಇಳಿಯುತ್ತದೆ. ಆ ಒತ್ತಡ ತೋರಿಸುವ ನೀಲಿ ಬಣ್ಣದ ಗೇಜನ್ನು ಮಾತ್ರ ನೋಡುವವರಿಗೆ ಇದು ಗ್ಯಾಸ್ ಕೊರತೆಯ ಹಾಗೆಯೇ ಕಾಣುತ್ತದೆ. ಕೊಳೆ ತುಂಬಿದ ಫಿಲ್ಟರನ್ನು ಬದಲಿಸಬೇಕಾದ ಕಡೆ ಗ್ಯಾಸ್ ತುಂಬಿಸಿದರೆ, ಮುಂದೊಂದು ದಿನ ಫಿಲ್ಟರ್ ಬದಲಿಸಿದಾಗ ಯಂತ್ರದಲ್ಲಿ ಗ್ಯಾಸ್ ಅತಿಯಾಗಿರುತ್ತದೆ. ಟೆಕ್ಸಸ್‌ನ ಆಗಸ್ಟ್ ಬಿಸಿಲಿನಲ್ಲಿ ಹೊರಗಿನ ಯೂನಿಟ್ಟಿನ ಒತ್ತಡ ಮಿತಿ ಮೀರಿ ಕಂಪ್ರೆಸರ್ ಬಳಲುತ್ತದೆ. ಮೂವತ್ತು ವರ್ಷಗಳ ಈ ಕೆಲಸದಲ್ಲಿ, ಸಾಯಬೇಕಿಲ್ಲದ ಕಂಪ್ರೆಸರುಗಳು ಹೀಗೆ ಸತ್ತದ್ದನ್ನು ನಾನು ಬಹಳ ಕಂಡಿದ್ದೇನೆ.

ಆದ್ದರಿಂದ ಮುಂದಿನ ಬಾರಿ ಬಂದವರಿಗೆ ಮೊದಲು ಫಿಲ್ಟರ್, ಕಾಯಿಲ್ ಮತ್ತು ಬ್ಲೋವರ್ ನೋಡಲು ಹೇಳಿ. ಅನಂತರ ಸೂಪರ್‌ಹೀಟ್ (ಪೂರ್ತಿ ಆವಿಯಾದ ಮೇಲೆ ಶೀತಕ ಇನ್ನೆಷ್ಟು ಡಿಗ್ರಿ ಬಿಸಿಯಾಗಿದೆ) ಮತ್ತು ಸಬ್‌ಕೂಲಿಂಗ್ (ಪೂರ್ತಿ ದ್ರವವಾದ ಮೇಲೆ ಇನ್ನೆಷ್ಟು ಡಿಗ್ರಿ ತಣ್ಣಗಾಗಿದೆ) ಎಂಬ ಎರಡು ಅಂಕಿಗಳನ್ನು ಅಳೆದು ಬಿಲ್ಲಿನ ಮೇಲೆ ಬರೆದುಕೊಡಲು ಕೇಳಿ. ಈಚಿನ ಬಹುಪಾಲು ಯಂತ್ರಗಳಲ್ಲಿ ಇರಬೇಕಾದ ಸಬ್‌ಕೂಲಿಂಗ್ ಎಷ್ಟು ಎಂಬುದನ್ನು ತಯಾರಕರು ಹೊರಗಿನ ಯೂನಿಟ್ಟಿನ ಫಲಕದ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದು ಸಾಮಾನ್ಯವಾಗಿ 10 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿನಲ್ಲಿರುತ್ತದೆ. ಈ ಎರಡು ಅಂಕಿಗಳಿಲ್ಲದೆ ಗ್ಯಾಸ್ ಕಡಿಮೆಯಾಗಿದೆ ಎಂದು ಹೇಳುವುದು, ಜ್ವರಮಾಪಕ ಇಡದೆ ಜ್ವರ ಎಷ್ಟಿದೆ ಎಂದು ಹೇಳಿದ ಹಾಗೆ.

ಅಂಕಿಗಳು ನಿಜವಾಗಿಯೂ ಕೊರತೆಯನ್ನೇ ತೋರಿಸಿದರೆ ಸೋರುವ ಜಾಗವನ್ನು ಹುಡುಕಲೇಬೇಕು. ಗೇಜ್ ಜೋಡಿಸುವ ವಾಲ್ವಿನ ತುದಿ, ಬೆಸುಗೆಯ ಕೀಲುಗಳು, ಒಳಗಿನ ಕಾಯಿಲ್, ಇವೇ ಸಾಮಾನ್ಯವಾದ ಜಾಗಗಳು. ಒಳಗಿನ ಕಾಯಿಲ್‌ನ ತಾಮ್ರವನ್ನು ಮನೆಯ ಗಾಳಿಯಲ್ಲಿರುವ ಸಾವಯವ ಆಮ್ಲಗಳು ಇರುವೆ ಗೂಡಿನಂತೆ ಸಣ್ಣ ಸಣ್ಣ ಸುರಂಗಗಳಾಗಿ ಕೊರೆಯುವುದುಂಟು. ಅಂಥ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ, ಎಲೆಕ್ಟ್ರಾನಿಕ್ ಶೋಧಕ ಅಥವಾ ನೈಟ್ರೋಜನ್ ಒತ್ತಡದ ಪರೀಕ್ಷೆಯೇ ಬೇಕಾಗುತ್ತದೆ. ಕಾಯಿಲ್‌ಗೆ ಹತ್ತು ವರ್ಷದ ಬಿಡಿಭಾಗದ ವಾರಂಟಿ ಇರುವುದು ಅಲ್ಲಿ ಸಾಮಾನ್ಯವಾದ್ದರಿಂದ ನಿಮ್ಮ ಕಾಗದಪತ್ರಗಳನ್ನು ಈಗಲೇ ತೆಗೆದು ನೋಡಿ. ಇನ್ನೆರಡು ವರ್ಷ ಗ್ಯಾಸ್ ತುಂಬಿಸುತ್ತಾ ಕುಳಿತರೆ ಆ ಅವಧಿ ಮುಗಿದುಹೋಗುತ್ತದೆ.

ಇನ್ನೂ ಒಂದು ಮಾತು. ನಿಮ್ಮ ಯಂತ್ರದಲ್ಲಿರುವುದು ಬಹುಶಃ ಆರ್-410ಎ. ಅದಕ್ಕಿಂತ ಹಿಂದಿನ ಆರ್-22 ಶೀತಕದ ಉತ್ಪಾದನೆ ಮತ್ತು ಆಮದು ಅಮೆರಿಕದಲ್ಲಿ 2020ರ ಜನವರಿ 1ಕ್ಕೆ ನಿಂತಿತು. 2025ರಿಂದ ಅಲ್ಲಿ ತಯಾರಾಗುವ ಮನೆಯ ಹೊಸ ಯಂತ್ರಗಳು ಆರ್-454ಬಿ ಅಥವಾ ಆರ್-32 ಬಳಸುತ್ತಿವೆ. ಹಳೆಯ ಯಂತ್ರಕ್ಕೆ ಈ ಹೊಸ ಗ್ಯಾಸನ್ನು ತುಂಬಿಸಲು ಯಾರಾದರೂ ಮುಂದಾದರೆ ದಯವಿಟ್ಟು ತಡೆಯಿರಿ: ಇವು ಸ್ವಲ್ಪ ಮಟ್ಟಿಗೆ ಉರಿಯುವ ಗುಣದವು, ಹಳೆಯ ಯಂತ್ರ ಅದಕ್ಕೆಂದು ಕಟ್ಟಿದ್ದಲ್ಲ. ಶೀತಕವನ್ನು ಮುಟ್ಟುವವರ ಬಳಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 608 ಪ್ರಮಾಣಪತ್ರ ಇರಲೇಬೇಕು. ಒಂದು ಕಿಲೋ ಆರ್-410ಎ ಗಾಳಿಗೆ ಸೇರಿದರೆ ನೂರು ವರ್ಷಗಳ ಲೆಕ್ಕದಲ್ಲಿ ಅದು ಎರಡು ಸಾವಿರ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಸೋರುವ ಯಂತ್ರಕ್ಕೆ ವರ್ಷವರ್ಷವೂ ತುಂಬಿಸುವುದನ್ನು ನಾನು ಒಪ್ಪದಿರುವುದಕ್ಕೆ ನಿಮ್ಮ ಹಣದ ಜೊತೆಗೆ ಇದೂ ಕಾರಣ.

ಪ್ರಶ್ನೆ: ಜುಲೈ ಸೆಕೆಯಲ್ಲಿ ಏಸಿ ಓಡುತ್ತಲೇ ಇದ್ದರೂ ಗ್ರಿಲ್‌ಗಳಿಂದ ಗಾಳಿ ಬರುವುದು ನಿಂತಿತು. ನೆಲಮಾಳಿಗೆಗೆ ಇಳಿದು ನೋಡಿದರೆ ಚಳಿಗಾಲದಲ್ಲಿ ಮನೆ ಕಾಯಿಸುವ ಫರ್ನೇಸಿನ ಪಕ್ಕದ ದಪ್ಪ ಕೊಳವೆಯ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಮಗಳ ಅಲರ್ಜಿಗೆಂದು ಅತ್ಯಂತ ದಟ್ಟವಾದ ಫಿಲ್ಟರ್ ಹಾಕಿ ನಾಲ್ಕು ತಿಂಗಳಾಗಿತ್ತು. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ? (ಓದುಗರು, ನ್ಯೂಜೆರ್ಸಿ)

ಉತ್ತರ: ಬಹುಪಾಲು ಅದೇ ಕಾರಣ. ಮೊದಲು ಮಾಡಬೇಕಾದ ಕೆಲಸವನ್ನು ಹೇಳುತ್ತೇನೆ: ಥರ್ಮೋಸ್ಟಾಟಿನಲ್ಲಿ ಕೂಲಿಂಗನ್ನು ಆಫ್ ಮಾಡಿ, ಫ್ಯಾನನ್ನು ಮಾತ್ರ ಆನ್ ಇಟ್ಟು, ಮಂಜು ಕರಗಲು ಬಿಡಿ. ಕೆಲವು ಗಂಟೆಗಳು ಹಿಡಿಯಬಹುದು, ಗಡ್ಡೆ ದಪ್ಪವಾಗಿದ್ದರೆ ಇಡೀ ದಿನವೂ ಬೇಕಾಗಬಹುದು. ನೀರು ಇಳಿಯುವುದರಿಂದ ಕೆಳಗೆ ಬಟ್ಟೆ ಹಾಸಿ. ಚಾಕುವಿನಿಂದಲೋ ಸ್ಕ್ರೂಡ್ರೈವರಿನಿಂದಲೋ ಮಂಜನ್ನು ಕೆತ್ತಬೇಡಿ. ಕಾಯಿಲ್ ತೂತಾದರೆ ಸಾವಿರಾರು ಡಾಲರಿನ ಮಾತು. ಮಂಜು ಇರುವಾಗ ಯಂತ್ರವನ್ನು ಹಾಗೆಯೇ ಓಡಿಸಿದರೆ ಆವಿಯಾಗದ ದ್ರವ ಕಂಪ್ರೆಸರಿಗೆ ಹೋಗಿ ಅದನ್ನು ಹಾಳು ಮಾಡುತ್ತದೆ.

ಇನ್ನು ಕಾರಣ. ಒಂದು ಟನ್ ತಂಪಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಕಾಯಿಲ್ ಮೇಲೆ ಹಾಯಬೇಕು. ಮೂರು ಟನ್ನಿನ ಯಂತ್ರಕ್ಕೆ 1,200 ಘನ ಅಡಿ. ಅಷ್ಟು ಗಾಳಿ ಹಾಯದಿದ್ದರೆ ಕಾಯಿಲ್‌ನ ಉಷ್ಣಾಂಶ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗಿಳಿಯುತ್ತದೆ, ಅದರ ಮೇಲಿನ ತೇವ ಮಂಜಾಗುತ್ತದೆ, ಮಂಜು ಇನ್ನಷ್ಟು ಗಾಳಿಯನ್ನು ತಡೆಯುತ್ತದೆ. ಫಿಲ್ಟರಿನ ದಟ್ಟಣೆಯನ್ನು ಮರ್ವ್ ಎಂಬ ಅಂಕಿಯಿಂದ ಗುರುತಿಸುತ್ತಾರೆ. ಮರ್ವ್ 13 ಸಣ್ಣ ಕಣಗಳನ್ನೂ ಹಿಡಿಯುವುದು ನಿಜ, ಆದರೆ ಒಂದೇ ಇಂಚು ದಪ್ಪದ ಫಿಲ್ಟರಿನಲ್ಲಿ ಅಷ್ಟು ದಟ್ಟಣೆ ಬಂದರೆ ಹಳೆಯ ಬ್ಲೋವರಿಗೆ ಉಸಿರು ಕಟ್ಟಿದಂತಾಗುತ್ತದೆ, ಅದೂ ನಾಲ್ಕು ತಿಂಗಳ ಧೂಳಿನೊಂದಿಗೆ. ಮಗಳಿಗಾಗಿ ದಟ್ಟ ಫಿಲ್ಟರೇ ಬೇಕಿದ್ದರೆ ನಾಲ್ಕೈದು ಇಂಚು ದಪ್ಪದ ಫಿಲ್ಟರ್ ಕೂರುವ ಪೆಟ್ಟಿಗೆಯನ್ನು ರಿಟರ್ನ್ ಡಕ್ಟಿಗೆ ಹಾಕಿಸಿ. ಮಡಿಕೆಗಳ ಹರಹು ಹೆಚ್ಚಿರುವುದರಿಂದ ಗಾಳಿಗೆ ತಡೆ ಕಡಿಮೆ, ಆರೇಳು ತಿಂಗಳು ಬಾಳುತ್ತದೆ. ಅಲ್ಲಿಯವರೆಗೆ ಮರ್ವ್ 8ರ ಒಂದಿಂಚಿನ ಫಿಲ್ಟರನ್ನು ಹಾಕಿ ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ನೋಡಿ. ಬೆಳಕು ಕಾಣದಿದ್ದರೆ ಬದಲಿಸುವ ಹೊತ್ತಾಗಿದೆ.

ನಮ್ಮವರ ಮನೆಗಳಿಗೆ ಮಾತ್ರ ಹೇಳಬೇಕಾದ ಸಂಗತಿಯೊಂದಿದೆ. ಅಮೆರಿಕದ ಅನೇಕ ಮನೆಗಳಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಕಳಿಸುವುದಿಲ್ಲ. ಜಾಲರಿಯ ಮೂಲಕ ಮತ್ತೆ ಅಡುಗೆಮನೆಗೇ ಬಿಡುತ್ತದೆ. ದಿನಕ್ಕೆರಡು ಬಾರಿ ಒಗ್ಗರಣೆ, ವಾರಕ್ಕೊಮ್ಮೆ ಕರಿದ ತಿಂಡಿ ಎಂದರೆ ಎಣ್ಣೆಯ ಸೂಕ್ಷ್ಮ ಹನಿಗಳು ರಿಟರ್ನ್ ಗ್ರಿಲ್ ಮೂಲಕ ಹೋಗಿ ಫಿಲ್ಟರಿನ ಮೇಲೆ ಕೂರುತ್ತವೆ, ಫಿಲ್ಟರನ್ನು ದಾಟಿದ್ದು ಕಾಯಿಲ್ ಮೇಲೆ ಕೂರುತ್ತದೆ, ಅದರ ಮೇಲೆ ಧೂಳು ಅಂಟುತ್ತದೆ. ಅಗರಬತ್ತಿ ಮತ್ತು ಕರ್ಪೂರದ ಮಸಿಯೂ ಹೀಗೆಯೇ. ಒಗ್ಗರಣೆ ಬಿಡಿ ಎಂದು ನಾನು ಹೇಳಲಾರೆ. ಹೊರಗೆ ಗಾಳಿ ತಳ್ಳುವ ಫ್ಯಾನನ್ನು ಕೂರಿಸಿ, ಆಗದಿದ್ದರೆ ಕರಿಯುವಾಗ ಕಿಟಕಿ ತೆರೆದು ಅಷ್ಟು ಹೊತ್ತು ಏಸಿಯನ್ನು ನಿಲ್ಲಿಸಿ, ಫಿಲ್ಟರನ್ನು ನೆರೆಯವರಿಗಿಂತ ಬೇಗ ಬದಲಿಸಿ.

ಹೊಸ ಫಿಲ್ಟರ್ ಹಾಕಿದ ಮೇಲೂ ಮಂಜು ಕಟ್ಟಿದರೆ ಆಗ ಗ್ಯಾಸ್ ಸೋರಿಕೆಯನ್ನು ಸಂಶಯಿಸಬೇಕು. ಬಳಸದ ಕೋಣೆಗಳ ಗ್ರಿಲ್ ಮುಚ್ಚಿದ್ದರೆ ಅವನ್ನೂ ತೆರೆಯಿರಿ. ಮುಚ್ಚಿದರೆ ವಿದ್ಯುತ್ ಉಳಿಯುತ್ತದೆ ಎಂಬ ನಂಬಿಕೆ ತಪ್ಪು.

ಪ್ರಶ್ನೆ: ಎರಡು ಅಂತಸ್ತಿನ ಮನೆ, ಯಂತ್ರ ಅಟ್ಟದಲ್ಲಿದೆ. ಮಲಗುವ ಕೋಣೆಯ ಮಾಡಿನಲ್ಲಿ ಕಂದು ಕಲೆ ಕಾಣಿಸಿದೆ. ಮಳೆಯೇನೂ ಬಂದಿಲ್ಲ. (ಓದುಗರು, ಹ್ಯೂಸ್ಟನ್)

ಉತ್ತರ: ನಿಮ್ಮ ಊರಿನ ತೇವದ ಗಾಳಿಯಿಂದ ಒಂದು ಸೆಂಟ್ರಲ್ ಏಸಿ ದಿನಕ್ಕೆ ಇಪ್ಪತ್ತು ಲೀಟರಿಗೂ ಹೆಚ್ಚು ನೀರನ್ನು ಹಿಂಡಬಲ್ಲದು. ಅದು ಕಾಯಿಲ್ ಕೆಳಗಿನ ತಟ್ಟೆಗೆ ಬಿದ್ದು ಪ್ಲಾಸ್ಟಿಕ್ ಡ್ರೇನ್ ಪೈಪಿನಿಂದ ಹೊರಹೋಗಬೇಕು. ಕತ್ತಲೆ ಮತ್ತು ತೇವ ಇರುವ ಆ ಪೈಪಿನಲ್ಲಿ ಲೋಳೆ ಬೆಳೆದು ದಾರಿ ಕಟ್ಟುತ್ತದೆ. ಕೂಡಲೇ ಯಂತ್ರ ನಿಲ್ಲಿಸಿ. ಹೊರಗೆ ಪೈಪಿನ ತುದಿ ಇರುವ ಕಡೆ ನೀರು ಹೀರುವ ವ್ಯಾಕ್ಯೂಮನ್ನು ಹಚ್ಚಿ ಬಟ್ಟೆಯಿಂದ ಸುತ್ತ ಬಿಗಿದು ಒಂದೆರಡು ನಿಮಿಷ ಎಳೆದರೆ ಸಾಮಾನ್ಯವಾಗಿ ಗಂಟು ಹೊರಬರುತ್ತದೆ. ಆಮೇಲೆ ಒಳಗಿನ ಪೈಪಿನ ಮುಚ್ಚಳ ತೆಗೆದು ಒಂದು ಬಟ್ಟಲು ಬಿಳಿ ವಿನೆಗರ್ ಸುರಿದು, ಅರ್ಧ ಗಂಟೆಯ ನಂತರ ನೀರು ಹಾಯಿಸಿ; ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಇದನ್ನೇ ಮಾಡಿ.

ಅಟ್ಟದ ಯಂತ್ರದ ಕೆಳಗೆ ಎರಡನೆಯ ತಟ್ಟೆಯೂ, ನೀರು ಏರಿದರೆ ಯಂತ್ರವನ್ನು ತಾನೇ ನಿಲ್ಲಿಸುವ ಫ್ಲೋಟ್ ಸ್ವಿಚ್ಚೂ ಇರಬೇಕು. ಕಲೆ ಬೀಳುವಷ್ಟು ನೀರು ಇಳಿದಿದೆ ಎಂದರೆ ನಿಮ್ಮಲ್ಲಿ ಆ ಸ್ವಿಚ್ ಇಲ್ಲ, ಇಲ್ಲವೇ ಕೆಟ್ಟಿದೆ. ಮಾಡಿನ ರಿಪೇರಿಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ.

ಪ್ರಶ್ನೆ: ಧಾರವಾಡದಿಂದ ಅಪ್ಪ ಅಮ್ಮ ಬಂದಿದ್ದಾರೆ. ಥರ್ಮೋಸ್ಟಾಟ್ 72 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿದ್ದರೂ ಮೈ ಜಿಗುಟಾಗುತ್ತದೆ ಎನ್ನುತ್ತಾರೆ, ಇನ್ನೂ ಇಳಿಸಿದರೆ ಚಳಿ ಎನ್ನುತ್ತಾರೆ. ಗಾಳಿ ಆಡಲಿ ಎಂದು ಫ್ಯಾನನ್ನು ಸದಾ ಆನ್ ಇಟ್ಟಿದ್ದೇವೆ. (ಓದುಗರು, ಅಟ್ಲಾಂಟಾ)

ಉತ್ತರ: ನಿಮ್ಮ ತಂದೆತಾಯಿಯ ಮೈ ಹೇಳುತ್ತಿರುವುದು ಸರಿ; ಮನೆಯಲ್ಲಿ ಉಷ್ಣಾಂಶ ಇಳಿದಿದೆ, ತೇವ ಇಳಿದಿಲ್ಲ. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್‌ನ ಮುದ್ರಣಾಲಯಕ್ಕೆ ಮೊದಲ ಯಂತ್ರವನ್ನು ರೂಪಿಸಿದ್ದೇ ತೇವವನ್ನು ಹತೋಟಿಗೆ ತರಲು: ಅಲ್ಲಿ ಕಾಗದ ತೇವಕ್ಕೆ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗುವ ಬಣ್ಣಗಳು ಜಾರುತ್ತಿದ್ದವು. ಗಾಳಿಯನ್ನು ತಂಪಾಗಿಸುವುದು, ಒಣಗಿಸುವುದು ಎರಡೂ ಏಸಿಯ ಕೆಲಸ, ಎರಡನೆಯದಕ್ಕೆ ಅದು ಸಾಕಷ್ಟು ಹೊತ್ತು ಓಡಬೇಕು.

ನಿಮ್ಮ ಫ್ಯಾನನ್ನು ಥರ್ಮೋಸ್ಟಾಟಿನಲ್ಲಿ ಆಟೋಗೆ, ಅಂದರೆ ಕಂಪ್ರೆಸರ್ ಓಡುವಾಗ ಮಾತ್ರ ತಿರುಗುವ ಹಾಗೆ, ಇಡಿ. ಕಂಪ್ರೆಸರ್ ನಿಂತ ಮೇಲೂ ಕಾಯಿಲ್ ಮೇಲೆ ನೀರು ನಿಂತಿರುತ್ತದೆ. ಫ್ಯಾನು ತಿರುಗುತ್ತಲೇ ಇದ್ದರೆ ಆ ನೀರು ಡ್ರೇನಿಗೆ ಇಳಿಯುವ ಬದಲು ಆರಿ ಮತ್ತೆ ಕೋಣೆಗೇ ಬರುತ್ತದೆ. ಇದೊಂದರಿಂದಲೇ ಎರಡು ದಿನಗಳಲ್ಲಿ ವ್ಯತ್ಯಾಸ ಕಾಣಬೇಕು. ಹತ್ತು ಹದಿನೈದು ಡಾಲರಿಗೆ ಸಿಗುವ ತೇವಮಾಪಕವನ್ನು ಅವರ ಕೋಣೆಯಲ್ಲಿಡಿ. ಶೇಕಡಾ 60ಕ್ಕಿಂತ ಕೆಳಗೆ, ಸಾಧ್ಯವಾದರೆ 50ರ ಸಮೀಪ ಇರಲಿ. ಆಗ 75 ಅಥವಾ 76 ಡಿಗ್ರಿಯೂ ಹಿತವಾಗಿರುತ್ತದೆ, ಹಿರಿಯರಿಗೆ ಚಳಿಯೂ ಆಗುವುದಿಲ್ಲ. ಗ್ರಿಲ್‌ನ ಗಾಳಿ ನೇರವಾಗಿ ಹಾಸಿಗೆಯ ಮೇಲೆ ಬೀಳದ ಹಾಗೆ ಅದರ ಪಟ್ಟಿಗಳನ್ನು ತಿರುಗಿಸಿ.

ಅಷ್ಟಾದರೂ ತೇವ ಇಳಿಯದಿದ್ದರೆ ಎರಡು ಅನುಮಾನಗಳು. ಒಂದು, ಯಂತ್ರ ಮನೆಗೆ ಬೇಕಾದ್ದಕ್ಕಿಂತ ದೊಡ್ಡದಿರಬಹುದು: ಏಳೆಂಟು ನಿಮಿಷದಲ್ಲಿ ತಂಪು ಮಾಡಿ ನಿಂತುಬಿಡುವ ಯಂತ್ರ ಗಾಳಿಯನ್ನು ಒಣಗಿಸುವುದಿಲ್ಲ. ಇನ್ನೊಂದು, ಅಟ್ಟದಲ್ಲಿ ಹಾಯುವ ರಿಟರ್ನ್ ಡಕ್ಟಿನ ಕೀಲು ಬಿಟ್ಟಿರಬಹುದು. ಆಗ ಅದು ಕೋಣೆಯ ಗಾಳಿಯ ಜೊತೆಗೆ ಅಟ್ಟದ ಕುದಿಯುವ, ತೇವದ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಕೀಲನ್ನು ಮುಚ್ಚಲು ಡಕ್ಟ್ ಟೇಪ್ ಎಂದು ಅಂಗಡಿಯಲ್ಲಿ ಸಿಗುವ ಬಟ್ಟೆಯ ಟೇಪನ್ನು ಬಳಸಬೇಡಿ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 1998ರಲ್ಲಿ ಬೇರೆ ಬೇರೆ ಅಂಟುಗಳನ್ನು ಬಿಸಿ ಮತ್ತು ಒತ್ತಡಕ್ಕೆ ಒಡ್ಡಿ ನೋಡಿದಾಗ ಡಕ್ಟಿನ ಹೆಸರು ಹೊತ್ತ ಆ ಟೇಪೇ ಸೋತಿತು. ಮಾಸ್ಟಿಕ್ ಎಂಬ ಲೇಪವನ್ನು ಬಳಿಯುವುದೇ ಬಾಳಿಕೆಯ ದಾರಿ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮ ಮನೆಗೆ 8.5 ಟನ್ನಿನ ಡಕ್ಟಬಲ್ ಏಸಿ ಇದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಬದಲಿಸಿದ ದಿನದಿಂದ ಹೊರಗಿನ ಯೂನಿಟ್ ಕರ್ಕಶವಾಗಿ ಸದ್ದು ಮಾಡುತ್ತದೆ, ತಂಪು ಸೊನ್ನೆ. ಬಂದವರು ಕಂಪ್ರೆಸರ್ ಹೋಗಿದೆ ಎಂದರು. (ಓದುಗರು, ಬಳ್ಳಾರಿ)

ಉತ್ತರ: ಹೊಸ ಕಂಪ್ರೆಸರಿಗೆ ಮುಂಗಡ ಕೊಡುವ ಮೊದಲು ದಯವಿಟ್ಟು ಫೇಸುಗಳ ಸರದಿಯನ್ನು (ಮನೆಗೆ ಬರುವ ಮೂರು ವಿದ್ಯುತ್ ತಂತಿಗಳ ಕ್ರಮವನ್ನು) ನೋಡಿಸಿ, ಅಲ್ಲಿಯವರೆಗೆ ಯಂತ್ರವನ್ನು ಚಾಲೂ ಮಾಡಬೇಡಿ. ಸುರುಳಿಯಾಕಾರದ ಭಾಗಗಳಿಂದ ಗ್ಯಾಸನ್ನು ಒತ್ತುವ ಮೂರು ಫೇಸಿನ ಸ್ಕ್ರೋಲ್ ಕಂಪ್ರೆಸರ್ ಒಂದೇ ದಿಕ್ಕಿನಲ್ಲಿ ತಿರುಗಬೇಕು; ಟ್ರಾನ್ಸ್‌ಫಾರ್ಮರ್ ಜೋಡಿಸುವಾಗ ಎರಡು ತಂತಿಗಳು ಅದಲುಬದಲಾದರೆ ಅದು ಹಿಮ್ಮುಖವಾಗಿ ತಿರುಗಿ, ಸದ್ದು ಮಾಡುತ್ತದೆಯೇ ಹೊರತು ಗ್ಯಾಸನ್ನು ಒತ್ತುವುದಿಲ್ಲ. ಗೇಜ್ ಹಾಕಿದರೆ ಎರಡೂ ಕಡೆಯ ಒತ್ತಡ ಹೆಚ್ಚುಕಡಿಮೆ ಒಂದೇ ತೋರಿಸುತ್ತದೆ, ಅದನ್ನೇ ಕಂಪ್ರೆಸರ್ ಸತ್ತಿದೆ ಎಂದು ಓದುವವರಿದ್ದಾರೆ. ಅದೇ ದಿನದಿಂದ ಗ್ರಿಲ್‌ಗಳ ಗಾಳಿಯೂ ಕಡಿಮೆಯಾಗಿ, ಮೂರು ಫೇಸಿನ ಬೋರ್‌ವೆಲ್ ಪಂಪಿನ ನೀರೂ ಕುಂಠಿತವಾಗಿದ್ದರೆ ನನ್ನ ಊಹೆ ಬಹುತೇಕ ಖಚಿತ.

ಪರಿಹಾರ ಸುಲಭ. ಪರವಾನಗಿ ಪಡೆದ ಎಲೆಕ್ಟ್ರಿಶಿಯನ್ ಮನೆಯ ಮುಖ್ಯ ಸ್ವಿಚ್ಚಿನ ಬಳಿ ಯಾವುದಾದರೂ ಎರಡು ಫೇಸುಗಳನ್ನು ಅದಲುಬದಲು ಮಾಡಬೇಕು. ಕಂಪ್ರೆಸರಿನ ಬಳಿ ಮಾತ್ರ ಬದಲಿಸಿದರೆ ಬ್ಲೋವರ್ ಮತ್ತು ಪಂಪು ಹಿಮ್ಮುಖವಾಗಿಯೇ ಉಳಿಯುತ್ತವೆ. ಜೊತೆಗೆ ಫೇಸಿನ ಸರದಿ ತಪ್ಪಿದಾಗಲೂ ಒಂದು ಫೇಸ್ ಹೋದಾಗಲೂ ಯಂತ್ರವನ್ನು ನಿಲ್ಲಿಸುವ ರಿಲೇಯನ್ನು ಹಾಕಿಸಿ. ನಿಮ್ಮ ಕಡೆಯ ಅದಿರಿನ ಕೆಂಧೂಳು ಕಂಡೆನ್ಸರನ್ನು ಬೇಗ ಮುಚ್ಚುವುದರಿಂದ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೊಳೆಯಲೇಬೇಕು.

ಪ್ರಶ್ನೆ: ಸಮುದ್ರಕ್ಕೆ ಅರ್ಧ ಕಿಲೋಮೀಟರ್ ದೂರದ ಮನೆ. ಹೊರಗಿನ ಯೂನಿಟ್ಟಿನ ರೆಕ್ಕೆಗಳು (ಕಾಯಿಲ್ ಮೇಲಿನ ತೆಳು ಅಲ್ಯೂಮಿನಿಯಂ ತಗಡುಗಳು) ಮೂರೇ ವರ್ಷದಲ್ಲಿ ಪುಡಿಯಾಗಿ ಉದುರುತ್ತಿವೆ. (ಓದುಗರು, ಮಂಗಳೂರು)

ಉತ್ತರ: ಉಪ್ಪಿನ ಗಾಳಿಯಲ್ಲಿ ತಾಮ್ರ ಮತ್ತು ಅಲ್ಯೂಮಿನಿಯಂ ಒಂದನ್ನೊಂದು ತಾಗಿದ ಕಡೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಉದುರಿದ ಕಾಯಿಲ್ ಮತ್ತೆ ಸರಿಹೋಗದು. ಬದಲಿಸುವಾಗ ತುಕ್ಕು ನಿರೋಧಕ ಲೇಪನದ ಕಾಯಿಲ್ ಕೇಳಿ. ಮಳೆಗಾಲದಲ್ಲಿ ಮಳೆಯೇ ಉಪ್ಪನ್ನು ತೊಳೆಯುತ್ತದೆ. ಡಿಸೆಂಬರಿನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ನೀವೇ ಸಿಹಿನೀರಿನಲ್ಲಿ ತೊಳೆಯಬೇಕು.

ಪ್ರಶ್ನೆ: ಹೊರಗಿನ ಯೂನಿಟ್ಟಿಗೆ ಜೂನ್‌ನಲ್ಲಿ ಕಾಟನ್‌ವುಡ್ ಮರದ ಹತ್ತಿ ಮೆತ್ತಿಕೊಳ್ಳುತ್ತದೆ. ನಾನೇ ತೊಳೆಯಬಹುದೇ? ಚಳಿಗಾಲದಲ್ಲಿ ಮುಚ್ಚಿಡಬೇಕೇ? (ಓದುಗರು, ಷಿಕಾಗೊ)

ಉತ್ತರ: ತೊಳೆಯಬಹುದು. ಮೊದಲು ಗೋಡೆಯ ಮೇಲಿನ ಡಿಸ್ಕನೆಕ್ಟ್ ಪೆಟ್ಟಿಗೆಯಲ್ಲಿ ವಿದ್ಯುತ್ ಕಡಿದು, ಹತ್ತಿಯನ್ನು ಮೃದುವಾದ ಬ್ರಷ್ಷಿನಿಂದ ತೆಗೆದು, ತೋಟದ ಪೈಪಿನ ಸಾಧಾರಣ ನೀರನ್ನು ಸಾಧ್ಯವಾದರೆ ಒಳಗಿನಿಂದ ಹೊರಕ್ಕೆ ಹಾಯಿಸಿ. ಕಾರು ತೊಳೆಯುವ ಒತ್ತಡದ ಯಂತ್ರ ಬೇಡ, ರೆಕ್ಕೆಗಳು ಮಡಚಿಕೊಳ್ಳುತ್ತವೆ. ವಿದ್ಯುತ್ ಕಡಿದ ಮೇಲೂ ಒಳಗಿನ ಕೆಪಾಸಿಟರ್ ಎಂಬ ವಿದ್ಯುತ್ ಕೂಡಿಡುವ ಭಾಗದಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುವುದರಿಂದ ತಂತಿಗಳ ಬದಿಯ ಮುಚ್ಚಳವನ್ನು ತೆರೆಯಬೇಡಿ. ಸುತ್ತಲೂ ಎರಡು ಅಡಿ ಜಾಗವನ್ನು ಗಿಡಗಂಟೆಗಳಿಂದ ತೆರವಾಗಿ ಇಡಿ.

ಚಳಿಗಾಲದಲ್ಲಿ ಪೂರ್ತಿ ಸುತ್ತಿ ಮುಚ್ಚಿದರೆ ಒಳಗೆ ತೇವ ಕಟ್ಟಿ ತುಕ್ಕು ಹಿಡಿಯುತ್ತದೆ, ಇಲಿಗಳು ಸೇರಿ ತಂತಿ ಕಡಿಯುತ್ತವೆ; ಹಿಮದ ತುಂಡು ಬೀಳುವ ಜಾಗವಾದರೆ ಮೇಲೆ ಮಾತ್ರ ಒಂದು ಹಲಗೆ ಇಟ್ಟರೆ ಸಾಕು. ಯಂತ್ರಕ್ಕೆ ವಿದ್ಯುತ್ ಕಡಿದಿಟ್ಟಿದ್ದರೆ, ವಸಂತದಲ್ಲಿ ಚಾಲೂ ಮಾಡುವ ಹಿಂದಿನ ದಿನವೇ ಬ್ರೇಕರನ್ನು ಹಾಕಿ ಇಪ್ಪತ್ತನಾಲ್ಕು ಗಂಟೆ ಬಿಡಿ. ಕಂಪ್ರೆಸರಿನ ಬುಡದಲ್ಲಿ ಹೀಟರ್ ಇದ್ದರೆ ಅದು ಎಣ್ಣೆಯಲ್ಲಿ ಬೆರೆತ ಶೀತಕವನ್ನು ಅಷ್ಟರಲ್ಲಿ ಕಾಯಿಸಿ ಹೊರಹಾಕುತ್ತದೆ. ಹೊರಗೆ 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮಧ್ಯಾಹ್ನವೊಂದರಲ್ಲಿ ಮೊದಲ ಬಾರಿ ಓಡಿಸಿ, ಹದಿನೈದು ನಿಮಿಷದ ನಂತರ ರಿಟರ್ನ್ ಗ್ರಿಲ್ ಮತ್ತು ಯಂತ್ರಕ್ಕೆ ಹತ್ತಿರದ ಗ್ರಿಲ್ ಎರಡರ ಬಳಿಯೂ ಥರ್ಮಾಮೀಟರ್ ಹಿಡಿಯಿರಿ. ಎರಡಕ್ಕೂ 15ರಿಂದ 20 ಡಿಗ್ರಿ ಅಂತರವಿದ್ದರೆ ಆ ಅಂಕಿಯನ್ನೂ ದಿನಾಂಕವನ್ನೂ ಫರ್ನೇಸಿನ ಬಾಗಿಲ ಮೇಲೆ ಬರೆದಿಡಿ. ಮುಂದಿನ ವರ್ಷ ಬರುವ ಮೆಕ್ಯಾನಿಕ್‌ಗೆ ತೋರಿಸಲು ಬೇಕಾಗುತ್ತದೆ.